ಒಪ್ಪತ್ತಿನ ಮಿಸ್ತ್ರಿ

ಮಗಳು ಒಂದನೇ ತರಗತಿಗೆ ಸೇರಿದ ವರ್ಷ ನಾನು ಮತ್ತೆ ಕೆಲಸ ಹುಡುಕಲು ಹೊರಟೆ. ನನಗೆ ಬೇಕಾದ ಕೆಲಸ ಎಂಥದ್ದೆಂದು ನನಗೆ ಸ್ಪಷ್ಟವಿತ್ತು. ಅವಳನ್ನು ಶಾಲೆಗೆ ಬಿಟ್ಟ ಮೇಲೆ ಶುರುವಾಗಬೇಕು, ಶಾಲೆ ಬಿಡುವ ಗಂಟೆಗೆ ಮುಂಚೆ ಮುಗಿಯಬೇಕು, ಶಾಲೆಗೆ ರಜೆ ಇದ್ದಾಗ ನನಗೂ ರಜೆ ಇರಬೇಕು. ಅಂಥ ಕೆಲಸ ಹೊಸಪೇಟೆಯಲ್ಲಿ ಎಲ್ಲಾದರೂ ಇದೆಯೇ ಎಂದು ಕೇಳಿದರೆ ಜನ ನಗುತ್ತಿದ್ದರು. ನಿಂತವರು ಕೂತು ನಗುತ್ತಿದ್ದರು.

ನಾನು ಓದಿದ್ದು ಏಳನೆಯವರೆಗೆ. ಕಂಪ್ಲಿಯ ಶಾಲೆ ಬಿಟ್ಟು ಸಂಡೂರಿನ ಗ್ಯಾರೇಜು ಸೇರಿದಾಗ ನಟ್ಟು ಬಿಚ್ಚುವ ದೊಡ್ಡ ಪಾನಾ ಎತ್ತಲು ಎರಡೂ ಕೈ ಬೇಕಾಗುತ್ತಿತ್ತು. ಗಣಿಯ ಟಿಪ್ಪರುಗಳ ಅಡಿಯಲ್ಲಿ ಕೆಂಪು ಧೂಳು ತಿನ್ನುತ್ತ ಹೈಡ್ರಾಲಿಕ್ ಕೆಲಸ ಕಲಿತೆ. ಲೋಡು ಎತ್ತುವ ಜಾಕು ಎಲ್ಲಿ ಎಣ್ಣೆ ಬಿಡುತ್ತಿದೆ ಎಂಬುದನ್ನು ಕೈಯಾಡಿಸಿಯೇ ಹೇಳುತ್ತಿದ್ದೆ. ಹೆಮ್ಮೆಯಿಂದಲೇ ಬರೆಯುತ್ತಿದ್ದೇನೆ: ನಾನು ಕಟ್ಟಿ ಕಳಿಸಿದ ಜಾಕು ತಿರುಗಿ ಬಂದದ್ದು ಬಹಳ ಅಪರೂಪ.

ನನ್ನ ಹೆಂಡತಿ ಹೊಸಪೇಟೆಯ ಆಸ್ಪತ್ರೆಯಲ್ಲಿ ನರ್ಸ್. ಮಗಳು ಹುಟ್ಟಿ, ಹೆರಿಗೆ ರಜೆ ಮುಗಿಯುತ್ತ ಬಂದಾಗ ಇಬ್ಬರಲ್ಲಿ ಒಬ್ಬರು ಮನೆಯಲ್ಲಿ ಉಳಿಯಬೇಕಾಯಿತು. ನನ್ನ ತಾಯಿಗೆ ಕಂಪ್ಲಿಯಲ್ಲಿ ಗದ್ದೆಯೂ ಎಮ್ಮೆಯೂ ಇದ್ದವು, ಅತ್ತೆಗೆ ಮೊಣಕಾಲು ನೋವು. ಹೆಂಡತಿಯದು ಪಕ್ಕಾ ನೌಕರಿ. ನನ್ನದು ಗಣಿ ನಡೆದರೆ ಉಂಟು, ನಿಂತರೆ ಇಲ್ಲ. ನಾನೇ ಉಳಿದೆ. ಯಾರೂ ಒತ್ತಾಯ ಮಾಡಲಿಲ್ಲ. ರೊಟ್ಟಿ ಬಡಿಯುವುದನ್ನು ಕಲಿತೆ, ಜಡೆ ಹಾಕುವುದನ್ನು ಕಲಿತೆ. ನನ್ನ ಮಗಳ ಜಡೆ ಸಂಜೆಯವರೆಗೆ ಬಿಚ್ಚುತ್ತಿರಲಿಲ್ಲ. ಅದೂ ಜಾಕಿನ ಹಾಗೆಯೇ, ಎಲ್ಲಿ ಬಿಗಿಯಬೇಕು ಎಲ್ಲಿ ಸಡಿಲ ಬಿಡಬೇಕು ಎಂದು ಗೊತ್ತಿರಬೇಕು.

ಚಹಾ ಅಂಗಡಿಯಲ್ಲಿ ಗೆಳೆಯರು ಬಿಡುತ್ತಿರಲಿಲ್ಲ.

"ಏನ್ರೀ ಅಕ್ಕಾರ, ಇವತ್ತೇನು ಪಲ್ಯ?"

"ಬದ್ನಿಕಾಯಿ. ನಿನ್ನ ಹೇಣ್ತಿ ಮಾಡಿದ್ದಕ್ಕಿಂತ ಚಲೋ ಆಗೈತಿ, ಬಾ ಉಣ್ಣಾಕ," ಎನ್ನುತ್ತಿದ್ದೆ.

ಮಾತಿಗೆ ಮಾತು ಕೊಡುತ್ತಿದ್ದೆ, ನಿಜ. ಆದರೆ ಮಗಳು ಶಾಲೆಗೆ ಹೋಗಲು ಶುರು ಮಾಡಿದ ಮೇಲೆ ಮನೆ ಖಾಲಿಯಾಯಿತು. ಒರೆಸಿದ ನೆಲವನ್ನೇ ಮತ್ತೆ ಒರೆಸುತ್ತಿದ್ದೆ. ಒಂದು ದಿನ ಹೆಂಡತಿ ಡ್ಯೂಟಿ ಮುಗಿಸಿ ಬಂದು ನೋಡಿದರೆ ನಾನು ಕುಕ್ಕರಿನ ಹಿಡಿಕೆ, ವಾಲ್ವು ಎಲ್ಲ ಬಿಚ್ಚಿ ಪೇಪರಿನ ಮೇಲೆ ಹರವಿಕೊಂಡು ಕೂತಿದ್ದೆ. ಕುಕ್ಕರಿಗೆ ಏನೂ ಆಗಿರಲಿಲ್ಲ.

"ನೀವು ಕೆಲಸಕ್ಕ ಹೋಗ್ರಿ," ಎಂದಳು. "ಇಲ್ಲಾಂದ್ರ ನಾಳಿ ಫ್ರಿಜ್ಜು ಬಿಚ್ಚತೀರಿ."

ಮೊದಲು ಸಂಡೂರಿಗೇ ಹೋದೆ. ನನಗೆ ಕೆಲಸ ಕಲಿಸಿದ ಹಿರಿಯ ಮಿಸ್ತ್ರಿ ಈಗ ಅಲ್ಲಿ ಒಂದು ದೊಡ್ಡ ಗ್ಯಾರೇಜಿನ ಉಸ್ತುವಾರಿ ನೋಡಿಕೊಳ್ಳುತ್ತಿದ್ದರು. ನನ್ನನ್ನು ಕಂಡದ್ದೇ ಎದ್ದು ಬಂದು ಬೆನ್ನಿಗೊಂದು ಗುದ್ದಿದರು.

"ಬಂದೇನಲೇ! ಎಲ್ಲಿ ಸತ್ತಿದ್ದಿ ಇಷ್ಟು ದಿನ? ನಾಳಿಂದ ಬಾ. ಎ ಶಿಫ್ಟ್ ಬೇಕೋ, ಬಿ ಶಿಫ್ಟ್ ಬೇಕೋ?"

"ಮಾವಾ, ನನಗ ಪಾರ್ಟ್ ಟೈಮ್ ಬೇಕಾಗಿತ್ತು."

"ಹಂಗಾರ ಸಂಜಿ ಬಾ. ಪಾರ್ಟ್ ಟೈಮ್ ಅಂದ್ರ ಸಂಜಿ ಮ್ಯಾಲ ಅಲ್ಲೇನು?"

"ಸಂಜಿಗಲ್ಲ ಮಾವಾ, ಹಗಲಿಗೆ. ಸಾಲಿ ಬಿಡೂತನಕ ಅಷ್ಟ."

ಅವರು ನನ್ನನ್ನು ಕಾಲಿನಿಂದ ತಲೆಯವರೆಗೆ ನೋಡಿದರು. "ಸಾಲಿ? ಏಳನೇತ್ತಕ್ಕ ಬಿಟ್ಟಾಂವ ಈಗ ಎಂಟನೇತ್ತಕ್ಕ ಹೆಸರು ಹಚ್ಚೀಯೇನಲೇ?"

ಗ್ಯಾರೇಜಿಗೆ ಗ್ಯಾರೇಜೇ ನಕ್ಕಿತು. ನಾನೂ ನಕ್ಕೆ. ಬಸ್ಸು ಹತ್ತಿದ ಮೇಲೆ ನಗು ನಿಂತಿತು.

ಪಾರ್ಟ್ ಟೈಮ್ ಎಂಬ ಆ ಮಾತೇ ನನಗೆ ಅಡ್ಡವಾಗಿತ್ತು. ಎಲ್ಲಿ ಹೇಳಿದರೂ ಅದು ಒಂದು ಕೆಲಸ ಮುಗಿಸಿ ಬಂದವನು ಹೊತ್ತು ಮುಳುಗಿದ ಮೇಲೆ ಮಾಡುವ ಎರಡನೇ ಕೆಲಸ ಎಂದೇ ಅರ್ಥವಾಗುತ್ತಿತ್ತು. ಪೆಟ್ರೋಲ್ ಬಂಕಿನವರು ರಾತ್ರಿ ಪಾಳಿ ಕೊಡಲು ಬಂದರು. ಒಬ್ಬರು ವಾಚ್‌ಮನ್ ಕೆಲಸವಿದೆ, ಕೂತಲ್ಲೇ ನಿದ್ದೆಯೂ ಆಗುತ್ತದೆ ಎಂದರು. ಹಂಪಿಯಲ್ಲಿ ಗೆಸ್ಟ್ ಹೌಸ್ ನಡೆಸುವ ಪರಿಚಯದವನೊಬ್ಬ ಮಾತ್ರ "ಹಗಲಿಗೇ ಬಾ ಅಣ್ಣಾ, ಜನರೇಟರು, ಮೋಟಾರು, ಬಾಡಿಗಿ ಬೈಕು ನೋಡ್ಕೊ" ಎಂದ. ಕೈ ಹಿಡಿದು ಕುಲುಕಿದೆ. ಆಮೇಲೆ ಅವನು ಮೆಲ್ಲಗೆ ಸೇರಿಸಿದ: "ದಸರಾ ಸೂಟ್ಯಾಗ, ಡಿಸೆಂಬರದಾಗ ಮಾತ್ರ ಹಗಲೂ ರಾತ್ರಿ ಇಲ್ಲೇ ಇರ್ಬೇಕಾಗ್ತೈತಿ." ಊರ ಮಕ್ಕಳಿಗೆಲ್ಲ ರಜೆ ಸಿಕ್ಕಾಗಲೇ ಹಂಪಿಯಲ್ಲಿ ಕೆಲಸ ಹೆಚ್ಚು. ಹಿಡಿದ ಕೈ ಬಿಟ್ಟು ಬಂದೆ.

ಶಾಲೆಯ ಗೇಟಿನ ಎದುರು ಬೇವಿನ ಮರವಿದೆ. ಮಕ್ಕಳನ್ನು ಕರೆದೊಯ್ಯಲು ಬಂದ ತಾಯಂದಿರು ಅದರ ನೆರಳಲ್ಲಿ ನಿಲ್ಲುತ್ತಾರೆ. ಗಂಡಸು ಎಂದರೆ ನಾನೊಬ್ಬನೇ. ನಾನು ಸ್ವಲ್ಪ ದೂರ, ಬೈಕಿಗೆ ಒರಗಿಕೊಂಡು ನಿಲ್ಲುತ್ತಿದ್ದೆ. ಹಂಪಿಯಿಂದ ಬಂದ ಮಧ್ಯಾಹ್ನ ನನ್ನ ಮುಖ ಹೇಗಿತ್ತೋ ಏನೋ, ಒಬ್ಬಾಕೆ ತಾನೇ ಕರೆದು ಮಾತಾಡಿಸಿದಳು. ಸೀರೆಯ ಅಂಚಿಗೆ, ಕಾಲಿನ ಬೆರಳುಗಳಿಗೆ ಗದ್ದೆಯ ಕೆಸರು ಇನ್ನೂ ಹತ್ತಿಕೊಂಡಿತ್ತು.

"ಯಣ್ಣಾ, ಯಾಕ ಹಿಂಗ ನಿಂತೀರಿ? ಮನ್ಯಾಗ ಆರಾಮ ಅದಾರಿಲ್ಲೋ?"

ಯಾರ ಹತ್ತಿರವೂ ಹೇಳಬಾರದೆಂದುಕೊಂಡಿದ್ದನ್ನು ಹೇಳಿಬಿಟ್ಟೆ. ಪಾರ್ಟ್ ಟೈಮ್ ಕೆಲಸ ಎಲ್ಲೂ ಸಿಗುತ್ತಿಲ್ಲ ಎಂದೆ. ಎಂಥ ಹೊತ್ತಿನದು ಎಂದು ವಿವರಿಸಿದೆ. ಆಕೆ ಪಕ್ಕದವಳ ಮುಖ ನೋಡಿ, ಸೆರಗು ಬಾಯಿಗೆ ಅಡ್ಡ ಹಿಡಿದು ನಕ್ಕಳು.

"ಅದಕ್ಕ ಇಂಗ್ಲಿಷ್ ಯಾಕ ಬೇಕ್ರೀ ಯಣ್ಣಾ? ಒಪ್ಪತ್ತು ಅನ್ರಿ! ನಾವು ದಿನಾ ಮಾಡೋದು ಮತ್ತೇನು?"

ಒಪ್ಪತ್ತು ಎಂದರೆ ಒಂದೇ ಹೊತ್ತು, ಅರ್ಧ ದಿನದ ಕೂಲಿ. ಹುಟ್ಟಿದಾಗಿನಿಂದ ಕೇಳಿದ ಮಾತು. ಆಕೆ ಮತ್ತು ಇನ್ನೂ ಹಲವರು ಬೆಳಿಗ್ಗೆ ಟಂಟಂ ಹತ್ತಿ ಬುಕ್ಕಸಾಗರದ ಕಡೆ ಭತ್ತದ ನಾಟಿಗೆ, ಕಳೆ ಕೀಳಲು, ಬಾಳೆ ತೋಟಕ್ಕೆ ಹೋಗಿ, ಮಕ್ಕಳು ಹೊರಗೆ ಬರುವಷ್ಟರಲ್ಲಿ ಬೇವಿನ ಮರದ ಕೆಳಗಿರುತ್ತಿದ್ದರು. ಸೂಟಿ ಇದ್ದರೆ ಬರುವುದಿಲ್ಲವೆಂದು ಹಿಂದಿನ ದಿನ ಹೇಳಿದರೆ ಆಯಿತು. ನಾನು ಊರೆಲ್ಲ ಹುಡುಕುತ್ತಿದ್ದದ್ದನ್ನು ಇವರು ನನ್ನ ಕಣ್ಣ ಮುಂದೆಯೇ ಮಾಡುತ್ತಿದ್ದರು.

"ಹೊತ್ತು ಮೀರಿ ನಿಲ್ಸೋದಿಲ್ಲೇನು ಮಾಲಕರು?" ಎಂದೆ.

"ನಿಲ್ಲಿಸಿ ನೋಡ್ಲಿ! ಮರುದಿನ ಅವ್ರ ಗದ್ದಿಗೆ ಒಬ್ಬಾಕಿನೂ ಇಳಿಯಂಗಿಲ್ಲ."

ಅದು ಬರೆದಿಟ್ಟ ಕಾನೂನಲ್ಲ, ಆದರೆ ಕಾಲುವೆಯ ಕೆಳಗಿನ ಗದ್ದೆಗಳಲ್ಲಿ ಅದನ್ನು ಮೀರಿದವರಿಲ್ಲ.

ಮುಂದಿನ ಸೋಮವಾರವೇ ಕಂಪ್ಲಿ ರಸ್ತೆಯಲ್ಲಿದ್ದ ಒಂದು ಶೆಡ್ಡಿಗೆ ಹೋದೆ. ಅಲ್ಲಿ ಟ್ರ್ಯಾಕ್ಟರು, ಭತ್ತ ಕೊಯ್ಯುವ ಮಷಿನ್ನು ರಿಪೇರಿ ಮಾಡುತ್ತಿದ್ದರು. ಮಾಲಕರು ವಯಸ್ಸಾದವರು, ಹಣೆ ತುಂಬ ವಿಭೂತಿ. ಎಲ್ಲರೂ ಸಾವ್ಕಾರ ಎಂದೇ ಕರೆಯುತ್ತಿದ್ದರು. ಹೈಡ್ರಾಲಿಕ್ ಗೊತ್ತಿರುವ ಮಿಸ್ತ್ರಿ ಸಿಗದೆ ಅವರು ಒದ್ದಾಡುತ್ತಿದ್ದದ್ದು ನನಗೆ ತಿಳಿದಿತ್ತು.

"ಒಪ್ಪತ್ತಿಗೆ ಬರ್ತೀನ್ರೀ ಸಾವ್ಕಾರ," ಎಂದೆ.

"ಇವತ್ತು ಸೋಮವಾರ, ನಂದೂ ಒಪ್ಪತ್ತ ಐತಿ. ರಾತ್ರಿತನಕ ಊಟದ ಸುದ್ದಿ ತಗೀಬ್ಯಾಡ. ಕೆಲಸದ ಸುದ್ದಿ ಹೇಳು."

"ಕೆಲಸದ ಸುದ್ದಿನ ಹೇಳಾಕತ್ತೀನ್ರೀ. ಮಗಳನ್ನ ಸಾಲಿಗೆ ಬಿಟ್ಟು ಬರ್ತೀನಿ, ಸಾಲಿ ಬಿಡೋ ಮುಂದ ಹೋಗ್ತೀನಿ. ಸಾಲಿ ಸೂಟಿ ಇದ್ರ ನನಗೂ ಸೂಟಿ."

ಅವರು ಕನ್ನಡಕ ಹಣೆಗೇರಿಸಿದರು. "ಲೇ, ಇದು ನಾಟಿ ಹೆಣ್ಮಕ್ಕಳ ಲೆಕ್ಕ ಅಲ್ಲೇನು?"

"ಹೌದ್ರೀ. ಅದ ಲೆಕ್ಕ."

ಈ ಸಲ ಯಾರೂ ನಗಲಿಲ್ಲ, ಯಾಕೆಂದರೆ ಯಾರಿಗೂ ಇದು ಹೊಸದಾಗಿರಲಿಲ್ಲ. ಅವರದೇ ಗದ್ದೆಗೆ ಒಪ್ಪತ್ತಿನವರು ಬರುತ್ತಿದ್ದರು. ಒಪ್ಪತ್ತಿಗೆ ಒಪ್ಪತ್ತಿನ ಪಗಾರ, ಶನಿವಾರ ಬೆಳಗಿನ ಶಾಲೆಯಾದ್ದರಿಂದ ಆ ದಿನ ಬೇಗ ಹೋಗುವುದು, ಎಲ್ಲ ನಿಂತ ಕಾಲಿನಲ್ಲೇ ಮಾತಾಯಿತು. "ಒಪ್ಪತ್ತಿನ ಮಿಸ್ತ್ರಿನ್ನ ಇವತ್ತ ನೋಡಿದ್ದು ನಾನು," ಎಂದು ಗೊಣಗಿ ಅವರು ನನಗೊಂದು ಪಾನಾ ಕೊಟ್ಟರು. ಅದು ಕೈಗೆ ಬಂದಾಗ ನನಗಾದ ಸಂತೋಷವನ್ನು ಇಲ್ಲಿ ಬರೆದು ಹಾಳು ಮಾಡುವುದಿಲ್ಲ.

ಮಳೆಗಾಲ ಕಳೆಯಿತು, ದಸರಾ ರಜೆ ಕಳೆಯಿತು. ಪೈರು ನಿಂತ ಕಾಲ, ಶೆಡ್ಡಿನಲ್ಲಿ ಹೇಗೂ ಕೆಲಸ ಕಡಿಮೆ. ನಿಜವಾದ ಪರೀಕ್ಷೆ ಬಂದದ್ದು ಕೊಯ್ಲಿಗೆ. ಒಂದು ದಿನ ಮಧ್ಯಾಹ್ನ ಕಳೆದ ಮೇಲೆ ಕಂಪ್ಲಿ ಕಡೆಯ ರೈತರೊಬ್ಬರು ತಮ್ಮ ಕೊಯ್ಯುವ ಮಷಿನ್ನು ತಂದು ನಿಲ್ಲಿಸಿದರು. ಮುಂದಿನ ಕಟರು ಮೇಲೇಳುತ್ತಿರಲಿಲ್ಲ, ಅರ್ಧ ಗದ್ದೆ ಕೊಯ್ದು ಅರ್ಧ ನಿಂತಿತ್ತು. ಮೋಡ ಬೇರೆ. ನಾನು ಉಮೇದಿಯಲ್ಲಿ ಸಿಲಿಂಡರು ಬಿಚ್ಚಿದೆ. ಒಳಗೆ ಎಣ್ಣೆ ತಡೆಯುವ ರಬ್ಬರ್ ಸೀಲು ಹರಿದು ಚಿಂದಿಯಾಗಿತ್ತು. ಅಂಥ ಸೀಲು ಶೆಡ್ಡಿನಲ್ಲಿರಲಿಲ್ಲ, ಹೊಸಪೇಟೆಯಿಂದ ತರಬೇಕು. ಅಷ್ಟರಲ್ಲಿ ಶಾಲೆ ಬಿಡುವ ಹೊತ್ತು ಹತ್ತಿರ ಬಂತು. ಹೆಂಡತಿಗೆ ಅವತ್ತು ಹಗಲು ಡ್ಯೂಟಿ. ಕೈ ತೊಳೆದೆ.

"ಎಲ್ಲಿಗಪ್ಪಾ?" ಎಂದರು ರೈತರು.

"ಮಗಳನ್ನ ಕರ್ಕೊಂಡ್ ಬರ್ಬೇಕ್ರೀ. ನಾಳಿ ಮುಂಜಾನಿ ಬಂದು ಕಟ್ಟಿಕೊಡ್ತೀನಿ."

"ನಾಳಿ? ಹೊಟ್ಟಿ ಕೊಯ್ದಿಟ್ಟು ನಾಳಿ ಬರ್ತೀನಿ ಅಂತಾನಲ್ರೀ ಸಾವ್ಕಾರ ಇಂವ! ಗಂಡಸಾಗಿ ಸಾಲಿ ಮುಂದ ನಿಲ್ಲಾಕ ಓಡ್ತಾನ!"

"ಗಂಡಸಾಗಿದ್ದಕ್ಕ ನಿಲ್ತೀನ್ರೀ," ಎಂದೆ. ಸಾವ್ಕಾರರು ನನ್ನತ್ತ ನೋಡಿ, "ಇವತ್ತೊಂದಿನ ನಿಲ್ಲಪ್ಪಾ," ಎಂದರು. ಅವರು ಕೇಳಿದ ರೀತಿ ಬೈದದ್ದಕ್ಕಿಂತ ಕಷ್ಟವಾಗಿತ್ತು. ಇವತ್ತೊಂದು ದಿನ ನಿಂತರೆ ನಾಳೆಯೂ ನಿಲ್ಲಬೇಕಾಗುತ್ತದೆ ಎಂದು ಮಾತ್ರ ನನಗೆ ಗೊತ್ತಿತ್ತು. ಆಗುವುದಿಲ್ಲ ಎಂದು ಬೈಕಿಗೆ ಕಿಕ್ ಹೊಡೆದೆ.

ಮಗಳನ್ನು ಮುಂದೆ ಕೂರಿಸಿಕೊಂಡು ನೇರ ಸ್ಪೇರ್ ಪಾರ್ಟ್ಸ್ ಅಂಗಡಿಗೆ ಹೋದೆ. ಮೊದಲನೆಯದರಲ್ಲಿ ಇರಲಿಲ್ಲ, ಎರಡನೆಯದರಲ್ಲಿ ಸಿಕ್ಕಿತು. ಅವಳು ಆ ಸೀಲನ್ನು ಬಳೆಯ ಹಾಗೆ ಕೈಗೆ ಹಾಕಿಕೊಂಡು ಮನೆಯವರೆಗೆ ತಂದಳು. ಸಂಜೆ ಹೆಂಡತಿಗೆ ಎಲ್ಲ ಹೇಳಿ, ಕೆಲಸ ಹೋಗಿರಬಹುದು ಎಂದೆ.

"ಆಪರೇಷನ್ ಅರ್ಧಕ್ಕ ಬಿಟ್ಟು ಬಂದೀರಿ ಅನ್ರಿ," ಎಂದಳು.

"ಮಷಿನ್ ಏನು ಸಾಯಂಗಿಲ್ಲ ಬಿಡು."

"ಮಷಿನ್ ಸಾಯಂಗಿಲ್ಲ. ಮಾಲಕಂದು ಬಿಪಿ ಏರಿ ನಮ್ಮ ವಾರ್ಡಿಗೆ ಬರ್ತಾನ, ನಾ ನೋಡ್ಕೋಬೇಕು."

ಬೆಳಿಗ್ಗೆ ಶೆಡ್ಡಿಗೆ ಹೋದಾಗ ಆ ರೈತರು ಅಲ್ಲೇ ಹಗ್ಗದ ಮಂಚದ ಮೇಲೆ ಕೂತು ಚಹಾ ಕುಡಿಯುತ್ತಿದ್ದರು. ಮೋಡ ಸರಿದಿತ್ತು. ಬೈಗುಳಕ್ಕೆ ಸಿದ್ಧನಾಗಿಯೇ ಹೋದೆ. ಅವರು ಮುಖ ಸಣ್ಣಗೆ ಮಾಡಿಕೊಂಡು, "ನೀ ಹೋದ ಮ್ಯಾಲ ಬೈಯಾಕತ್ತಿದ್ದೆ, ನಿಮ್ಮ ಸಾವ್ಕಾರ ನನ್ನ ಬಾಯಿ ಮುಚ್ಚಿಸಿಬಿಟ್ರಪ್ಪಾ," ಎಂದರು.

"ಏನಂದ್ರು?"

"ನಿನ್ನ ಗದ್ದಿಗೆ ಬರೋ ಒಪ್ಪತ್ತಿನ ಹೆಣ್ಮಕ್ಕಳನ್ನ ಹೊತ್ತು ಮೀರಿ ನಿಲ್ಸ್ತೀಯೇನಲೇ ಅಂದ್ರು. ನಿಲ್ಸಿದ್ರ ನಾಟಿ ಯಾರ್ ಹಚ್ತಾರ್ರೀ ಅಂದೆ. ಹಂಗಾರ ಮಿಸ್ತ್ರಿನ್ಯಾಕ ನಿಲ್ಸ್ತಿ ಅಂದ್ರು. ಅದಕ್ಕ ಚಾ ಕುಡ್ಕೋತ ಕುಂತೀನಿ ನಾನು."

ಸಾವ್ಕಾರರು ಒಳಗಿನಿಂದಲೇ ಕೂಗಿದರು: "ಮಾತು ಸಾಕು, ಜಲ್ದಿ ಕಟ್ಟು. ಒಪ್ಪತ್ತು ಅಷ್ಟ ಐತಿ ನಿಂದು!"

ಸೀಲು ಕೂರಿಸಿ, ಎಣ್ಣೆ ತುಂಬಿ, ಗಾಳಿ ಬಿಡಿಸಿ ಲಿವರು ಎಳೆದೆ. ಕಟರು ನಿಧಾನಕ್ಕೆ ಮೇಲೆದ್ದು ಅಲುಗದೆ ನಿಂತಿತು. ಊಟದ ಹೊತ್ತಿಗೆ ಮಷಿನ್ನು ಕಂಪ್ಲಿಯ ದಾರಿ ಹಿಡಿದಿತ್ತು.

ಅಂದಿನಿಂದ ಶೆಡ್ಡಿನಲ್ಲಿ ಒಂದು ನಿಯಮ ಮಾಡಿದೆ. ಮಧ್ಯಾಹ್ನದ ಮೇಲೆ ನಾನು ಯಾವ ಸಿಲಿಂಡರನ್ನೂ ಬಿಚ್ಚುವುದಿಲ್ಲ. ಬಿಚ್ಚುವುದೆಲ್ಲ ಬೆಳಿಗ್ಗೆ, ಆಮೇಲೆ ಗ್ರೀಸು, ಪೈಪು, ಮರುದಿನಕ್ಕೆ ಬೇಕಾದ ಸಾಮಾನು ಹೊಂದಿಸುವುದು. ಹೀಗೆ ಮಾಡಿದ್ದರಿಂದ ಅರ್ಧ ಬಿಚ್ಚಿ ರಾತ್ರಿಯಿಡೀ ನಿಲ್ಲುವ ಮಷಿನ್ನುಗಳೇ ಇಲ್ಲವಾದವು. ದಿನವಿಡೀ ನಿಲ್ಲುವ ಬೇರೆ ಶೆಡ್ಡುಗಳಿಗಿಂತ ನಮ್ಮಲ್ಲಿ ಬೇಗ ಕೆಲಸ ಮುಗಿಯುತ್ತದೆ ಎಂಬ ಹೆಸರು ಬಂತು. ರೈತರು ಬೆಳಕು ಹರಿಯುವಾಗಲೇ ಮಷಿನ್ನು ತಂದು ಸಾಲು ನಿಲ್ಲಿಸತೊಡಗಿದರು.

ಬೇಸಿಗೆ ರಜೆ ಬಂತು. ಕಾಲುವೆಯಲ್ಲಿ ನೀರು ನಿಂತಿತು, ಗದ್ದೆಗಳು ಒಣಗಿದವು. ಬರುವುದಿಲ್ಲವೆಂದು ಸಾವ್ಕಾರರಿಗೆ ಹಿಂದಿನ ದಿನ ಹೇಳಿದೆ. ತಲೆ ಆಡಿಸಿದರು, ಅಷ್ಟೇ. ನಿಜ ಹೇಳಬೇಕೆಂದರೆ, ಶಾಲೆ ತೆರೆದ ಮೇಲೆ ಬಾ ಎಂದು ಅವರು ಬಾಯಿಬಿಟ್ಟು ಹೇಳದ್ದರಿಂದ ರಜೆಯುದ್ದಕ್ಕೂ ಒಳಗೊಂದು ಅಳುಕಿತ್ತು. ಮಗಳ ಜೊತೆ ಕಂಪ್ಲಿಗೆ ಹೋದೆ. ಅಜ್ಜಿಯ ಎಮ್ಮೆಗೆ ಅವಳು ಮೈ ತೊಳೆದಳು, ಮಾವಿನಕಾಯಿಗೆ ಉಪ್ಪು ಖಾರ ಹಚ್ಚಿ ತಿಂದೆವು, ಸೈಕಲ್ ಹೊಡೆಯುವುದನ್ನು ಕಲಿಸಿದೆ. ಬಿದ್ದಾಗಲೆಲ್ಲ ಎತ್ತಲು ನಾನಿದ್ದೆ.

ಮೇ ಮುಗಿಯುತ್ತ ಬಂದಾಗ ಒಂದು ಮುಂಜಾನೆ ಅಂಗಳದಲ್ಲಿ ಆ ಸೈಕಲ್ಲಿನ ಚೈನು ಹಾಕುತ್ತಿದ್ದೆ. ಫೋನು ಬಂತು. ಸಾವ್ಕಾರರು.

"ಲೇ, ಸಾಲಿ ಎಂದು ಚಾಲೂ ಆಗ್ತಾವ?"

"ಬರೋ ವಾರ ರೀ. ಯಾಕ್ರೀ?"

"ಯಾಕಂತ ಕೇಳ್ತಾನ! ಅಂಗಳ ತುಂಬ ಮಷಿನ್ ನಿಂತಾವ. ಬ್ಯಾರೆ ಮಿಸ್ತ್ರಿನ್ನ ಕರಸ್ತೀನಿ ಅಂದ್ರ ಒಬ್ಬ ರೈತನೂ ಒಪ್ಪವಲ್ಲ. ಎಲ್ಲಾರೂ ನಿನ್ನ ಮಗಳ ಸಾಲಿ ಎಂದು ತೆಗೀತೈತಿ ಅಂತ ನನ್ನ ತಲಿ ತಿನ್ನಾಕತ್ತ್ಯಾರ."