ಸೀಟಿ ಊದುವ ತನಕ

ನಮ್ಮಕ್ಕನಿಗೆ ಇಟ್ಟ ಹೆಸರು ಒಂದು, ಕರೆಯುವ ಹೆಸರು ಇನ್ನೊಂದು. ಕರೆಯುವುದು ಅರ್ಧಮ್ಮ ಅಂತ. ಹಾಗೆ ಕರೆಯಲು ಶುರು ಮಾಡಿದವನು ನಮ್ಮಣ್ಣ, ಅಂದರೆ ಅವಳ ಬೆನ್ನಿಗೆ ಬಿದ್ದ ತಮ್ಮ. ಶಾಲೆ ಅರ್ಧಕ್ಕೆ ಬಿಟ್ಟಳು, ಹೊಲಿಗೆ ಕ್ಲಾಸು ಅರ್ಧಕ್ಕೆ ಬಿಟ್ಟಳು, ನನಗೆಂದು ಹೆಣೆಯಲು ಹಿಡಿದ ಸ್ವೆಟರಿಗೆ ಇವತ್ತಿಗೂ ಒಂದೇ ತೋಳು. ಗಂಡಿನವರು ಬಂದು ನೋಡಿ ಒಪ್ಪಿಕೊಂಡು ಹೋದ ಮೇಲೂ ಮದುವೆ ಅಲ್ಲಿಗೇ ನಿಂತಿತು. ಹಾಗಂತ ಸೋಮಾರಿ ಅಂದುಕೊಂಡರೆ ನನ್ನ ಹತ್ತಿರ ಬೈಸಿಕೊಳ್ಳುತ್ತೀರಿ. ಅಪ್ಪ ತೀರಿಕೊಂಡಾಗ ಶಾಲೆ ಹೋಯಿತು, ನನಗೆ ಟೈಫಾಯ್ಡ್ ಬಂದಾಗ ಹೊಲಿಗೆ ಹೋಯಿತು, ಅಮ್ಮನಿಗೆ ಲಕ್ವ ಹೊಡೆದು ಹಾಸಿಗೆ ಹಿಡಿದಾಗ ಮದುವೆ ಹೋಯಿತು. ಪ್ರತಿ ಸಲವೂ ಮನೆಯಿಂದ ಯಾರೋ ಕರೆದರು, ಇವಳು ಎದ್ದು ಹೋದಳು. ಅಷ್ಟೇ ವಿಷಯ.

ಅಕ್ಕ ಕೆಲಸ ಮಾಡುವುದು ಆಸ್ಪತ್ರೆಯ ಲಾಂಡ್ರಿಯಲ್ಲಿ. ನೆಲಮಾಳಿಗೆಯಲ್ಲಿ ಉದ್ದನೆಯ ಕೋಣೆ, ಕಿಟಕಿ ಅನ್ನುವುದು ಸೂರಿನ ಹತ್ತಿರ ಒಂದು ಸೀಳು. ಒಗೆದ ಚಾದರಗಳನ್ನು ಕಾದ ರೋಲರಿನ ಬಾಯಿಗೆ ಕೊಡುವುದು, ಆ ಕಡೆಯಿಂದ ಸುಡುಸುಡುವುದನ್ನು ಎಳೆದು ಮಡಿಸುವುದು. ಅಲ್ಲಿ ಒಂದು ಗಳಿಗೆ ನಿಂತರೆ ನನಗೆ ತಲೆ ಸುತ್ತುತ್ತದೆ. ಇವಳು ದಿನವಿಡೀ ನಿಂತಿರುತ್ತಾಳೆ. ಸಾಲದ್ದಕ್ಕೆ ಊಟದ ಬಿಡುವಿನಲ್ಲಿ ಮನೆಗೆ ಓಡಬೇಕು. ಅಮ್ಮನ ಮಗ್ಗುಲು ಬದಲಿಸಿ, ಬಟ್ಟೆ ನೋಡಿ, ಹಾಲಿನಲ್ಲಿ ನೆನೆಸಿದ ಬ್ರೆಡ್ಡು ತಿನ್ನಿಸಿ, ಮತ್ತೆ ಓಡೋಡಿ ಬರಬೇಕು. ಅಣ್ಣನ ಜೆರಾಕ್ಸ್ ಅಂಗಡಿ ಇರುವುದು ಅದೇ ಮನೆಯ ಕೆಳಗೆ. ಮೆಟ್ಟಿಲು ಹತ್ತಿದರೆ ಅಮ್ಮನ ಮಂಚ. ಆದರೆ ಸಾಹೇಬರಿಗೆ ಕೈ ಬಿಡುವಿಲ್ಲ, ಅತ್ತಿಗೆಗೆ ಆಫೀಸು. ನಾನು ಏನಾದರೂ ಅನ್ನಲು ಹೋದರೆ ಅಕ್ಕನೇ ನನ್ನ ಬಾಯಿ ಮುಚ್ಚಿಸುತ್ತಿದ್ದಳು. "ಅವನಿಗೆ ಅದೆಲ್ಲ ಬರಲ್ಲ ಕಣೆ. ಅವನು ಮುಟ್ಟಿದ್ರೆ ಅಮ್ಮ ಹಲ್ಲು ಕಚ್ಕೊಂಡು ಕೂರ್ತಾಳೆ."

ಆಸ್ಪತ್ರೆಗೂ ಮನೆಗೂ ನಡುವೆ ಒಂದು ಕ್ರೀಡಾಂಗಣ ಇದೆ. ಅದರೊಳಗೆ ಹಾದು ಹೋದರೆ ದಾರಿ ಹತ್ತಿರ. ಸೀರೆ ಎತ್ತಿ ಕಟ್ಟಿಕೊಂಡು ರಬ್ಬರ್ ಟ್ರ್ಯಾಕಿನ ಮೇಲೆ ದಿನಾ ಎದ್ದೆನೋ ಬಿದ್ದೆನೋ ಅಂತ ಓಡುವ ಈ ಹೆಂಗಸನ್ನು ಅಲ್ಲಿನ ಕೋಚ್ ಗಮನಿಸಿದ್ದರು. ಒಂದು ದಿನ ಅಡ್ಡ ನಿಂತು, "ಯಾಕಮ್ಮ, ಯಾರಾದ್ರೂ ಅಟ್ಟಿಸ್ಕೊಂಡು ಬರ್ತಿದ್ದಾರಾ?" ಅಂತ ಕೇಳಿದರಂತೆ. ಹಳೇ ಬೂಟು ಕೊಡಿಸಿ, ಸಲ್ವಾರ್ ಹಾಕಿಸಿ, ಭಾನುವಾರ ಬೆಳಗ್ಗೆ ಓಡಿಸಲು ಶುರು ಮಾಡಿದವರು ಅವರೇ. ಅದೂ ಅಮ್ಮ ಏಳುವ ಮುಂಚೆ. ಆಮೇಲೆ ಈ ದೊಡ್ಡ ಓಟದ ಸುದ್ದಿ ಹೇಳಿದರು. ಬೆಳಗಾದ ಕೂಡಲೇ ಶುರು, ಸಂಜೆ ಸೀಟಿ ಊದುವ ತನಕ ಹನ್ನೆರಡು ಗಂಟೆ ಅದೇ ಟ್ರ್ಯಾಕನ್ನು ಸುತ್ತುವುದು. ಮ್ಯಾರಥಾನ್ ಅಂತಾರಲ್ಲ, ಅದಕ್ಕಿಂತ ಉದ್ದ. ಓಡಬಹುದು, ನಡೆಯಬಹುದು, ಪಕ್ಕದಲ್ಲಿ ಕೂರಬಹುದು. ಆದರೆ ಹೊರಗೆ ಹೋಗಲು ಇರುವುದು ಗ್ಯಾಲರಿಯ ಮೆಟ್ಟಿಲು ಮಾತ್ರ, ಅದನ್ನು ಹತ್ತಿ ಗೇಟು ದಾಟಿದರೆ ಮುಗಿಯಿತು, ಹೆಸರಿನ ಮುಂದೆ 'ಮಧ್ಯೆ ಬಿಟ್ಟವರು' ಅಂತ ಬೀಳುತ್ತದೆ.

"ನಂಗೆ ಗೆಲ್ಲೋದು ಬೇಡ" ಅಂದಳು ಅಕ್ಕ ನನ್ನ ಹತ್ತಿರ. "ಸೀಟಿ ಊದೋವಾಗ ನಾನು ಅಲ್ಲಿರಬೇಕು. ಒಂದಾದ್ರೂ ಪೂರ್ತಿ ಆಗ್ಲಿ."

ಓಡುವವರು ತಮ್ಮ ಸುತ್ತು ಎಣಿಸುವವರನ್ನು ತಾವೇ ಕರೆತರಬೇಕು ಅನ್ನುವುದು ಅಲ್ಲಿನ ಪದ್ಧತಿ. ಓಡುವವರು ಎದುರಿಗೆ ಬಂದಾಗ ಎಣಿಸುವವರು ಕೈ ಎತ್ತಬೇಕು, ಅವರೂ ಕೈ ಎತ್ತಬೇಕು, ಆಗಲೇ ಆ ಸುತ್ತು ಲೆಕ್ಕಕ್ಕೆ. ನಾನು ಮದುವೆಯಾಗಿ ಊರಿನ ಇನ್ನೊಂದು ಕಡೆ ಇರುವವಳು, ಸಿಟಿ ಬಸ್ಸಿನ ಕಂಡಕ್ಟರ್. ತಲೆ ಎಣಿಸುವುದೇ ನನ್ನ ಕಸುಬು. ರಜೆ ಹಾಕಿ ಹೋದೆ. ಅಮ್ಮನನ್ನು ಆ ಒಂದು ದಿನ ನೋಡಿಕೊಳ್ಳುತ್ತೇನೆಂದು ಅಣ್ಣ ಒಪ್ಪಿದ್ದ. ಒಪ್ಪಿದ್ದ ಅಂದರೆ, ನಾನು ಅವನ ಅಂಗಡಿಗೆ ಹೋಗಿ ಗಿರಾಕಿಗಳ ಎದುರಿಗೇ ನಾಲ್ಕು ಮಾತು ಆಡಿ ಒಪ್ಪಿಸಿದ್ದೆ.

ಬೆಳಗ್ಗೆ ಎಲ್ಲ ಚೆನ್ನಾಗಿಯೇ ಇತ್ತು. ತಂಪಿತ್ತು. ಅಕ್ಕ ಬಂದಾಗಲೆಲ್ಲ ಕೈ ಎತ್ತುವಳು, ನಗುವಳು. ಎರಡೆರಡು ಗಂಟೆಗೊಮ್ಮೆ ಎಲ್ಲರನ್ನೂ ದಿಕ್ಕು ತಿರುಗಿಸಿ ಓಡಿಸುತ್ತಾರೆ, ಒಂದೇ ಕಡೆ ತಿರುಗಿದರೆ ಸೊಂಟ ಹಿಡಿಯುತ್ತದಂತೆ. "ನಮ್ಮಮ್ಮನ್ನ ಮಗ್ಗುಲು ಬದಲಿಸೋ ಲೆಕ್ಕಾನೇ" ಅಂತ ಅಕ್ಕ ಹೇಳಿಕೊಂಡು ಹೋದಳು. ಬಿಸಿಲು ಏರಿದ ಮೇಲೆ ನಗು ನಿಂತಿತು. ಟ್ರ್ಯಾಕಿನ ರಬ್ಬರ್ ಕಾದು ವಾಸನೆ ಹೊಡೆಯತೊಡಗಿತು. ನೆರಳು ಅಂತ ಇದ್ದದ್ದು ನಾನು ಕೂತಿದ್ದ ಶಾಮಿಯಾನದ ಒಂದು ತುಂಡು. ಕೋಚ್ ಬಕೆಟ್ಟಿನಿಂದ ನೀರು ಮೊಗೆದು ಓಡುವವರ ತಲೆ ಮೇಲೆ ಸುರಿಯುತ್ತಿದ್ದರು, ಅದು ಕುತ್ತಿಗೆ ಇಳಿಯುವಷ್ಟರಲ್ಲಿ ಆರಿಹೋಗುತ್ತಿತ್ತು. ಗಟ್ಟಿಮುಟ್ಟಾದ ಗಂಡಸರು ಒಬ್ಬೊಬ್ಬರಾಗಿ ಮೆಟ್ಟಿಲು ಹತ್ತಿ ಮನೆಗೆ ಹೋದರು. ಅಕ್ಕ ಒಂದು ಸಲ ಬೇಲಿ ಹಿಡಿದು ವಾಂತಿ ಮಾಡಿಕೊಂಡಳು, ಬಾಯಿ ಮುಕ್ಕಳಿಸಿ ಮತ್ತೆ ಹೊರಟಳು. ಓಟ ಹೋಗಿ ನಡಿಗೆಯಾಯಿತು. ಹೋಗುವಾಗ ಕೇಳಿದಳು, "ಮನೆಯಿಂದ ಫೋನ್ ಬಂತಾ?"

"ಇಲ್ಲ" ಅಂದೆ.

ಬಂದಿತ್ತು. ಆಗಲೇ ಮೂರು ನಾಲ್ಕು ಸಲ ಬಂದಿತ್ತು. ಅಮ್ಮ ಬೆಳಗ್ಗೆಯಿಂದ ತಿನ್ನಲು ಬಾಯಿ ಬಿಟ್ಟಿಲ್ಲ, ಹಾಸಿಗೆ ಒದ್ದೆ ಮಾಡಿಕೊಂಡಿದ್ದಾಳೆ, ಮುಟ್ಟಿದರೆ ಒಂದು ಕೈಯಲ್ಲೇ ಹೊಡೆಯುತ್ತಾಳೆ, ಅಕ್ಕನನ್ನು ಕಳಿಸು ಅಂತ ಅಣ್ಣನ ರಾಗ. ಅತ್ತಿಗೆ ಬೇರೆ ತವರಿಗೆ ಹೋಗಿದ್ದಳು.

"ನೀನೇ ಒರೆಸಿ ಬಟ್ಟೆ ಬದಲಾಯಿಸು" ಅಂದೆ.

"ನಾನು ಗಂಡಸು ಕಣೆ. ಹೇಗೆ ಮಾಡ್ಲಿ?"

"ಚಿಕ್ಕೋನಿದ್ದಾಗ ನೀನು ಒದ್ದೆ ಮಾಡ್ಕೊಂಡ್ರೆ ಅಮ್ಮ 'ನಾನು ಹೆಂಗಸು, ಹೇಗೆ ಮಾಡ್ಲಿ' ಅಂತ ಯಾರಿಗೂ ಫೋನ್ ಮಾಡ್ಲಿಲ್ಲವಲ್ಲ?" ಅಂತ ಹೇಳಿ ಇಟ್ಟುಬಿಟ್ಟೆ. ನನಗೆ ಮೈಯೆಲ್ಲ ಉರಿಯುತ್ತಿತ್ತು. ನಾನೇ ಹೋಗಿ ಮಾಡಿ ಬರೋಣವೆಂದರೆ ಇಲ್ಲಿ ಎಣಿಸುವವರಿಲ್ಲ, ಇವಳು ಸುತ್ತಿದ್ದೆಲ್ಲ ನೀರಿನಲ್ಲಿ ಹೋಮ. ಇವಳಿಗೆ ಹೇಳಿದೆನೋ, ಒಂದು ಕ್ಷಣವೂ ಇಲ್ಲಿ ನಿಲ್ಲುವುದಿಲ್ಲ. ಇಷ್ಟು ವರ್ಷದಲ್ಲಿ ಮನೆಯವರು ಕರೆದಾಗ ಒಂದು ಸಲವೂ ನಿಂತವಳಲ್ಲ.

ಬಸ್ಸಿನಲ್ಲಿ ಎಂತೆಂಥ ಸುಳ್ಳರನ್ನು ಹಿಡಿಯುವ ನನಗೆ ಸುಳ್ಳು ಹೇಳಲು ಬರುವುದಿಲ್ಲ. ಮುಂದಿನ ಸುತ್ತಿಗೆ ಅಕ್ಕ ಕೈ ಎತ್ತಲಿಲ್ಲ. ಸೀದಾ ನನ್ನ ಮುಂದೆ ಬಂದು ನಿಂತಳು. ತುಟಿ ಒಡೆದಿತ್ತು, ಮುಖದ ಮೇಲೆ ಬೆವರಿನ ಉಪ್ಪು ಬಿಳಿಬಿಳಿಯಾಗಿ ಕೂತಿತ್ತು.

"ಏನಾಗಿದೆ ಹೇಳು."

ಹೇಳಿದೆ. ಹೇಳದೆ ಇನ್ನೇನು ಮಾಡಲಿ? ಅವಳು ಚೀಲ ತೆಗೆದುಕೊಂಡು ಹೆಗಲಿಗೆ ಹಾಕಿಕೊಂಡಳು, ಮೆಟ್ಟಿಲ ಕಡೆ ನಡೆದಳು. ನಾನು ಹಿಂದೆ ಓಡಿ ಚೀಲ ಹಿಡಿದು ಎಳೆದೆ. "ಹೋಗು, ಹೋಗು. ಇದನ್ನೂ ಅರ್ಧಕ್ಕೆ ಬಿಡು. ನಾಳೆಯಿಂದ ಅವನು ಇನ್ನೊಂದು ಕಥೆ ಹೇಳ್ಕೊಂಡು ನಗ್ತಾನೆ" ಅಂದೆ. ಸಿಟ್ಟಿಗೆ ನನಗೆ ಅಳು ಬಂದಿತ್ತು.

"ಅಮ್ಮ ಒದ್ದೆಯಲ್ಲಿ ಮಲಗಿದ್ದಾಳೆ ಕಣೆ" ಅಂದಳು ಅಕ್ಕ. ನನ್ನ ಮೇಲೆ ಅವಳಿಗೆ ಕೋಪವೂ ಇರಲಿಲ್ಲ.

ಮೊದಲ ಮೆಟ್ಟಿಲ ಮೇಲೆ ಬಲಗಾಲು ಇಟ್ಟಳು. ಎಡಗಾಲು ಎತ್ತಲು ಹೋದಳು, ಏಳಲಿಲ್ಲ. ಕಂಬಿ ಹಿಡಿದು ಮೈ ಎಳೆದುಕೊಂಡು ನೋಡಿದಳು, ಮೊಣಕಾಲು ಗಡಗಡ ನಡುಗಿ ಅಲ್ಲೇ ಕುಸಿದು ಕೂತಳು. ಮತ್ತೊಮ್ಮೆ ಎದ್ದು ಪ್ರಯತ್ನಪಟ್ಟಳು. ಆಗಲಿಲ್ಲ. ತನ್ನ ಕಾಲನ್ನು ತಾನೇ ಬೇರೆ ಯಾರದ್ದೋ ಅನ್ನುವ ಹಾಗೆ ನೋಡಿದಳು. ಕೋಚ್ ಬಂದು, "ಇಷ್ಟು ಹೊತ್ತು ಸಮತಟ್ಟಿನಲ್ಲಿ ಸುತ್ತಿದ ಕಾಲು ಮೆಟ್ಟಿಲು ಹತ್ತಲ್ಲಮ್ಮ. ಯಾರಾದ್ರೂ ಎತ್ಕೊಂಡು ಹೋಗ್ಬೇಕು, ಹೇಳಿದ್ರೆ ಕರೀತೀನಿ" ಅಂದರು.

ಅಕ್ಕ ನನ್ನ ಕಡೆ ಕೈ ಚಾಚಿದಳು. ಫೋನ್ ಕೊಟ್ಟೆ.

"ಕಾಲು ಬರ್ತಿಲ್ಲ ಕಣೋ" ಅಂದಳು ಅಣ್ಣನಿಗೆ. "ನನ್ನ ಕೈಲಾಗಲ್ಲ. ಇವತ್ತು ನನ್ನ ಕೈಲಾಗಲ್ಲ."

ಆ ಮಾತು ಅವಳ ಬಾಯಲ್ಲಿ ನಾನು ಹುಟ್ಟಿದ ಮೇಲೆ ಕೇಳಿರಲಿಲ್ಲ. ಅಣ್ಣನೂ ಕೇಳಿರಲಾರ. ಅಕ್ಕ ಕಂಬಿ ಬಿಟ್ಟು ಟ್ರ್ಯಾಕಿಗೆ ಇಳಿದಳು. ನೆಲದ ಮೇಲೆ ಕಾಲು ಹೋಗುತ್ತಿತ್ತು, ಎಳೆದುಕೊಂಡಾದರೂ ಹೋಗುತ್ತಿತ್ತು. ಫೋನ್ ಕಿವಿಗಿಟ್ಟುಕೊಂಡೇ ನಡೆಯುತ್ತಾ ಹೇಳತೊಡಗಿದಳು. "ಸ್ಪೀಕರ್ ಹಾಕಿ ಅಮ್ಮನ ತಲೆ ಹತ್ರ ಇಡು. ಮೊದಲು ಗೋಡೆ ಕಡೆ ಮಗ್ಗುಲು ಮಾಡು. ಭುಜ ಹಿಡಿದು ಎಳೀಬೇಡ, ಸೊಂಟದ ಕೆಳಗೆ ಕೈ ಹಾಕು. ಹಾಂ. ಒದ್ದೆ ಚಾದರ ಅವಳ ಬೆನ್ನಿನ ತನಕ ಸುತ್ತು, ಒಣಗಿದ್ದನ್ನ ಅದರ ಪಕ್ಕ ಹಾಸು." ತಿರುವಿನಲ್ಲಿ ದನಿ ಕ್ಷೀಣಿಸುವುದು, ಮತ್ತೆ ನನ್ನ ಎದುರಿಗೆ ಬರುವಾಗ ಕೇಳುವುದು. "ಬಿಸಿನೀರಲ್ಲಿ ಬಟ್ಟೆ ಅದ್ದಿ ಹಿಂಡಿದ್ಯಾ? ನಿನ್ನ ಕೈಗೆ ಮುಟ್ಟಿಸಿ ನೋಡು, ಸುಡುತ್ತಾ ಅಂತ." ಆಮೇಲೆ ಸಣ್ಣ ದನಿಯಲ್ಲಿ, "ಅಮ್ಮಾ, ಬಾಯಿ ತೆಗಿ. ಅವನು ನಿನ್ನ ಮಗನೇ. ಬಾಯಿ ತೆಗಿ ನನ್ನಮ್ಮ."

ನಾನು ಕೈ ಎತ್ತಿದರೆ ಅವಳೂ ಫೋನಿಲ್ಲದ ಕೈ ಎತ್ತುತ್ತಿದ್ದಳು. ಜೊತೆಗೆ ನಡೆಯುತ್ತಿದ್ದವರಿಗೆಲ್ಲ ನಮ್ಮ ಮನೆಯ ಸಂಗತಿ ಬಾಯಿಪಾಠವಾಗಿತ್ತು. ಅವರಲ್ಲಿ ಒಬ್ಬ ಪೋಸ್ಟ್‌ಮ್ಯಾನ್ ಇದ್ದ. ಕುಂಟುತ್ತಾ ಅಕ್ಕನನ್ನು ದಾಟುವಾಗಲೆಲ್ಲ, "ತಿಂದ್ರಾ ಅಕ್ಕ, ಅಮ್ಮ?" ಅಂತ ಕೇಳುತ್ತಿದ್ದ. ಕೊನೆಗೊಮ್ಮೆ ಅಕ್ಕ, "ತಿಂದ್ರು" ಅಂದಳು. ಅವನು ತಾನೇ ತಿಂದಷ್ಟು ಸಮಾಧಾನದಿಂದ ಮುಂದೆ ಹೋದ.

ಆಮೇಲಿನ ಹೊತ್ತನ್ನು ಹೇಗೆ ಹೇಳುವುದೋ ತಿಳಿಯದು. ಅಲ್ಲಿ ಏನೂ ಆಗಲಿಲ್ಲ. ಬಿಸಿಲು ಇಳಿಯಲು ಒಲ್ಲೆ ಅಂತ ಕೂತಿತ್ತು. ಅಕ್ಕ ಸುತ್ತಿದಳು. ಮಾತಿಲ್ಲ, ಕಣ್ಣು ಅರ್ಧ ಮುಚ್ಚಿತ್ತು, ನಿಂಬೆ ಶರಬತ್ತು ಕೊಟ್ಟರೆ ಕುಡಿಯುವಳು, ಕೊಡದಿದ್ದರೆ ಕೇಳುವಷ್ಟೂ ಶಕ್ತಿಯಿಲ್ಲ. ಕೂತು ಕೂತು ನನಗೇ ಸಾಕುಸಾಕಾಗಿತ್ತು. ಸಾಕು ಬಿಡೇ ಮಾರಾಯ್ತಿ ಅನ್ನಬೇಕೆಂದು ಬಾಯಿ ತನಕ ಬಂದದ್ದನ್ನು ನುಂಗಿಕೊಂಡೆ. ಸಂಜೆ ಕೋಚ್ ಸೀಟಿ ಊದಿದಾಗ ಅವಳು ಆಚೆ ತಿರುವಿನಲ್ಲಿದ್ದಳು. ಊದಿದಾಗ ಎಲ್ಲಿದ್ದಾರೋ ಅಲ್ಲೇ ನಿಲ್ಲಬೇಕು. ನಿಂತಳು, ಹಾಗೇ ಕೆಳಗೆ ಕೂತಳು.

ನಾನು ಓಡಿಹೋಗಿ ಅವಳ ಬೂಟು ಬಿಚ್ಚಿದೆ. ಕಾಲುಚೀಲ ರಕ್ತಕ್ಕೆ ಅಂಟಿಕೊಂಡಿತ್ತು. "ಪೂರ್ತಿ ಆಯ್ತಲ್ಲೇ ಅರ್ಧಮ್ಮ" ಅಂತ ನಗಿಸಲು ನೋಡಿದೆ. ಅವಳು ಸುಮ್ಮನೆ ತಲೆಯಾಡಿಸಿದಳು. ಅಷ್ಟರಲ್ಲಿ ಫೋನ್ ಬಂತು. ಅಣ್ಣ. ನಾನೇ ಸ್ಪೀಕರ್ ಹಾಕಿದೆ. ಅವನ ದನಿಯಲ್ಲಿ ಹೊಸ ಹುಮ್ಮಸ್ಸು.

"ಅಕ್ಕಾ, ಸಂಜೇದೂ ಆಯ್ತು. ಮಗ್ಗುಲು ಬದಲಿಸ್ದೆ, ಒರೆಸ್ದೆ, ತಿನ್ನಿಸ್ದೆ. ಈಗ ಗೊರಕೆ ಹೊಡೀತಿದ್ದಾಳೆ. ಮೊದಲನೇ ಸಲ ಅಷ್ಟೇ ಕಷ್ಟ. ಆಮೇಲೆ ಏನಿಲ್ಲ ಬಿಡು, ಸುಲಭ. ನಾನು ಸುಮ್ನೆ ಹೆದರ್ಕೊಂಡಿದ್ದೆ."

"ಒಳ್ಳೇದಾಯ್ತು ಕಣೋ" ಅಂದಳು ಅಕ್ಕ.

ಫೋನ್ ಇಟ್ಟ ಮೇಲೆ ನಾನು ಅವನನ್ನು ಹೊಗಳುವ ಮೂಡಿನಲ್ಲಿದ್ದೆ. ಅಕ್ಕನ ಮುಖ ನೋಡಿ ಬಾಯಿ ಮುಚ್ಚಿಕೊಂಡೆ. ವಾಂತಿ ಮಾಡುವಾಗ ಅಳಲಿಲ್ಲ, ಮೆಟ್ಟಿಲ ಹತ್ತಿರ ಬಿದ್ದಾಗ ಅಳಲಿಲ್ಲ. ಈಗ ಶಬ್ದವಿಲ್ಲದೆ ಅಳುತ್ತಿದ್ದಳು, ಒರೆಸಿಕೊಳ್ಳಲು ಕೈಯನ್ನೂ ಎತ್ತದೆ.

"ಸುಲಭ ಅಂತೆ ಕಣೆ" ಅಂದಳು. "ಒಂದು ಮಧ್ಯಾಹ್ನದಲ್ಲಿ ಕಲಿತುಬಿಟ್ಟ."

ಶಾಲೆ, ಹೊಲಿಗೆ, ಆ ಗಂಡಿನವರು, ಎಲ್ಲವೂ ಅವಳ ಕಣ್ಣ ಮುಂದೆ ಹಾದುಹೋಗುತ್ತಿರಬೇಕು ಅಂತ ನನಗೆ ಗೊತ್ತಿತ್ತು. ಅವಳ ಬೆನ್ನು ಸವರುತ್ತಾ ಕೂತೆ. ಶಾಮಿಯಾನದವರು ಕಂಬ ಕೀಳುತ್ತಿದ್ದರು. ಪೋಸ್ಟ್‌ಮ್ಯಾನ್ ಹೆಂಡತಿಯ ಹೆಗಲು ಹಿಡಿದುಕೊಂಡು ಹೋಗುತ್ತಾ ನಮಗೆ ಕೈ ಬೀಸಿದ.

"ಏಳಕ್ಕ" ಅಂದೆ ಆಮೇಲೆ. "ಆಟೋ ಕರೀತೀನಿ. ಮನೆಗೆ ಹೋಗೋಣ, ಅಮ್ಮ ಎದ್ರೆ ನಿನ್ನ ಹುಡುಕ್ತಾಳೆ."

"ಯಾವ ಮನೆಗೆ?" ಅಂದಳು.

ನಾನು ಅವಳ ಮುಖ ನೋಡಿದೆ. ಮೂಗು ಒರೆಸಿಕೊಂಡು, ತೀರಾ ಸಾಧಾರಣ ದನಿಯಲ್ಲಿ ಹೇಳಿದಳು.

"ನಿನ್ನ ಮನೆಗೆ ಕರ್ಕೊಂಡು ಹೋಗು. ಅಲ್ಲಿ ಮಲಗ್ತೀನಿ. ಯಾರು ಕರೆದ್ರೂ ಎಬ್ಬಿಸ್ಬೇಡ."

ನನ್ನ ಮದುವೆಯಾಗಿ ಇಷ್ಟು ವರ್ಷವಾದರೂ ಅಕ್ಕ ನಮ್ಮ ಮನೆಯಲ್ಲಿ ಒಂದು ರಾತ್ರಿ ತಂಗಿರಲಿಲ್ಲ. ನಾನು ಮತ್ತು ಕೋಚ್ ಎರಡೂ ಕಡೆ ಹೆಗಲು ಕೊಟ್ಟು ಅವಳನ್ನು ಮೆಟ್ಟಿಲು ಹತ್ತಿಸಿದೆವು. ಆಟೋದವನಿಗೆ ನಮ್ಮ ಮನೆಯ ವಿಳಾಸ ಹೇಳಿದೆ.