ಇಂಜಿನ್ನಿನ ನೀರಡಿಕೆ

ವರ್ತೂರು ಕೆರೆಯ ದಂಡೆಯಲ್ಲಿರುವ ನಮ್ಮ ಅಪಾರ್ಟ್‌ಮೆಂಟಿನಲ್ಲಿ ಕೆರೆ ಕಡೆಯ ಕಿಟಕಿ ತೆರೆದಿಡುವವಳು ನಾನೊಬ್ಬಳೇ. ಉಳಿದವರಿಗೆ ಮೂಗಿದೆ. ನನಗೂ ಇದೆ ಅನ್ನಿ, ಆದರೆ ಕಿವಿಯ ಮುಂದೆ ಅದರ ಆಟ ನಡೆಯುವುದಿಲ್ಲ. ಕೆರೆಯಲ್ಲಿ ಕಳೆ ತೆಗೆಯುವ ಮೋಟಾರು ದೋಣಿಯೊಂದಿದೆ. ಬೆಳಿಗ್ಗೆ ಅದು ಗುಡುಗುಡು ಎಂದರೆ ನನ್ನ ಕೈಯಲ್ಲಿನ ಚಹಾ ಆರಿಹೋಗುತ್ತದೆ. ಗಂಡ ಮೂಗಿಗೆ ಟವೆಲ್ಲು ಹಿಡಿದು, "ಸಂಗೀತ ಕೇಳಾಕತ್ತೀ ಏನ? ಕಿಡಕಿ ಹಾಕ ಮೊದಲ" ಎನ್ನುತ್ತಾರೆ.

ಸಂಗೀತವೇ. ನಮ್ಮೂರು ಕೃಷ್ಣಾ ನದಿಯ ದಂಡೆಯದು. ಅಪ್ಪ ಜನರನ್ನು ಆಚೆ ದಂಡೆಗೆ ದಾಟಿಸುವ ಮೋಟಾರು ದೋಣಿ ನಡೆಸುತ್ತಿದ್ದ. ಇಂಜಿನ್ನು ಕೆಳಗಿನ ಜಾಲರಿಯಿಂದ ಹೊಳೆ ನೀರು ಕುಡಿದು, ಮೈ ತಂಪು ಮಾಡಿಕೊಂಡು, ಪಕ್ಕದ ಸಣ್ಣ ತೂತಿನಿಂದ ಹೊರಗೆ ಬಿಡುತ್ತಿತ್ತು. ಆ ಧಾರೆಗೆ ಅಂಗೈ ಒಡ್ಡಿ ಕೂರುವುದು ನನ್ನ ಕೆಲಸ. ಉಗುರುಬೆಚ್ಚಗಿದ್ದರೆ ಸುಮ್ಮನಿರಬೇಕು, ಸುಟ್ಟರೆ ಕೂಗಬೇಕು. ಆಮೇಲೆ ಸೇತುವೆ ಬಂತು. ಊರಿಗೆ ಒಳ್ಳೆಯದೇ ಆಯಿತು. ದೋಣಿ ಹೋಯಿತು, ಕೆಲವು ವರ್ಷಕ್ಕೆ ಅಪ್ಪನೂ ಹೋದ. ನನಗೆ ಇನ್ನೊಮ್ಮೆ ದೋಣಿಯಲ್ಲಿ ಕೂರಬೇಕಿತ್ತು, ಅಷ್ಟೇ. ಐವತ್ತು ದಾಟಿದ ಹೆಂಗಸು ಇಂಥ ಆಸೆಯನ್ನು ಯಾರ ಮುಂದೆ ಹೇಳಿಕೊಳ್ಳಬೇಕು?

ಹೋದ ಸಲ ಆಯುಧಪೂಜೆ ಮುಗಿದು ಕೆಲಸ ಶುರುವಾದ ಬೆಳಿಗ್ಗೆ, ದೋಣಿ ಸ್ವಲ್ಪ ದೂರ ಹೋಗಿ ಕೀ ಎಂದು ಅರಚಿ ನಿಂತಿತು. ಮತ್ತೆ ಹೊರಟಿತು, ಮತ್ತೆ ಅರಚಿತು. ಅದು ತೆವಳಿಕೊಂಡು ದಂಡೆ ಸೇರುವ ಹೊತ್ತಿಗೆ ನಾನು ಚಪ್ಪಲಿ ಮೆಟ್ಟಿ ಕೆಳಗಿಳಿದಿದ್ದೆ. ದೋಣಿ ನಡೆಸುವ ಮಲ್ಲಪ್ಪ ತಲೆಯ ಮೇಲೆ ಕೈ ಹೊತ್ತು ಕೂತಿದ್ದ. ಬಾಗಲಕೋಟೆ ಕಡೆಯವನು, ಇಲ್ಲೇ ಬಾಡಿಗೆ ಕೋಣೆಯಲ್ಲಿರುತ್ತಾನೆ.

"ಏನಾತೋ ತಮ್ಮಾ?"

"ಇಂಜಿನ್ ಕಾಯಾಕತ್ತೈತ್ರಿ ಅಕ್ಕಾರ. ನೀರ ಉಗುಳವಲ್ದು. ಕಸಾ ಎಲ್ಲಾ ತಗದೀನ್ರಿ."

ಇಂಜಿನ್ನನ್ನು ಮೇಲೆತ್ತಿಸಿ ನೋಡಿದೆ. ಕಳೆ ತೆಗೆದಿದ್ದ, ಪ್ಲಾಸ್ಟಿಕ್ ತೆಗೆದಿದ್ದ. ಆದರೆ ಹಬ್ಬದ ದಿನ ಇಂಜಿನ್ನಿನ ಕೊರಳಿಗೆ ಹಾಕಿದ ಚೆಂಡುಹೂವಿನ ಮಾಲೆ ಜಾರಿ ಕೆಳಗಿಳಿದು, ನೀರು ಕುಡಿಯುವ ಜಾಲರಿಗೇ ಮೆತ್ತಿಕೊಂಡಿತ್ತು. ಸುತ್ತಲಿನದನ್ನೆಲ್ಲ ಕಿತ್ತವನು ಹೂವನ್ನು ಮಾತ್ರ ಮುಟ್ಟಿರಲಿಲ್ಲ.

"ಅದು ಪೂಜಿ ಹೂವಲ್ರೀ. ತಾನಾಗೇ ಬೀಳೂತನಾ ತಗೀಬಾರ್ದು."

ನಗುವ ಹಾಗಿರಲಿಲ್ಲ. ಅದೇ ಬೆಳಿಗ್ಗೆ ನಮ್ಮ ಗೇಟಿನ ಅಡ್ಡಗಂಬ, ಕಟ್ಟಿದ ಬಾಳೆಕಂದಿನ ಭಾರಕ್ಕೆ ಮೇಲೇಳದೆ, ಕಾರುಗಳೆಲ್ಲ ಸಾಲುಗಟ್ಟಿ ನಿಂತಿದ್ದವು. ಬಾಳೆಗೆ ಕೈ ಹಚ್ಚಲು ಒಬ್ಬರಿಗೂ ಧೈರ್ಯವಿಲ್ಲ. ಮಹದೇವಪುರದಲ್ಲಿರುವ ನನ್ನ ಗಂಡನ ಆಫೀಸಿನಲ್ಲಿ ಪ್ರಿಂಟರಿನೊಳಗೆ ಕುಂಕುಮ ಹೋಗಿ, ಕಾಗದಗಳೆಲ್ಲ ಮುತ್ತೈದೆಯರಾಗಿ ಹೊರಬಂದಿದ್ದವಂತೆ. ನಾವು ಯಾವುದನ್ನು ಪ್ರೀತಿಸಿದರೂ ಮೊದಲು ಅದರ ಉಸಿರಿಗೆ ಅಡ್ಡ ನಿಲ್ಲುತ್ತೇವೆ.

ಅಪ್ಪ ಮಾಲೆ ತೆಗೆಯುವ ಮೊದಲು ಇಂಜಿನ್ನಿಗೆ ಕೈಮುಗಿದು ಅಪ್ಪಣೆ ಕೇಳುತ್ತಿದ್ದ. ನಾನೂ ಕೇಳಿದೆ. ಅದು ಬೇಡವೆನ್ನಲಿಲ್ಲ. ಮಾಲೆ ಬಿಡಿಸಿ, ಎಸಳುಗಳನ್ನು ಬೆರಳಿನಿಂದ ಕೆರೆದು ತೆಗೆದೆ. ಆಮೇಲೆ ತಡೆಯಲಾರದೆ, "ನಾನೂ ಬರ್ಲೇನೋ?" ಎಂದುಬಿಟ್ಟೆ.

"ಮಂದೀನ ಹತ್ತಿಸಬ್ಯಾಡ ಅಂದಾರ್ರಿ ಕಂಟ್ರಾಕ್ಟರ್ರು" ಎಂದ ಮಲ್ಲಪ್ಪ, ನನ್ನ ಮುಖ ನೋಡಿ ತಲೆ ಕೆರೆದುಕೊಂಡ. "ಆದ್ರ, ಮತ್ತ ಕಾಯ್ತೈತೇನು ನೋಡಾಕ ಒಬ್ರು ಬೇಕಲ್ರೀ. ಕೂಡ್ರಿ."

ತನ್ನ ಹತ್ತಿರವಿದ್ದ ಇನ್ನೊಂದು ಲೈಫ್ ಜಾಕೆಟ್ ಕೊಟ್ಟ. ಇಂಜಿನ್ನು ಗುಡುಗುಡು ಎಂದು ಧಾರೆ ಬಿಟ್ಟಿತು. ಅಂಗೈ ಒಡ್ಡಿದೆ. ಕೆರೆ ನಾರುತ್ತಿತ್ತು, ಸುತ್ತಲೂ ಅಪಾರ್ಟ್‌ಮೆಂಟುಗಳು ಮುಚ್ಚಿದ ಕಿಟಕಿಗಳೊಡನೆ ನಿಂತಿದ್ದವು. ಅಂಗೈಗೆ ಮಾತ್ರ ಅದೇ ಬಿಸಿ. ಅಪ್ಪ ಬೇಕಾಗಿತ್ತು. ತುಂಬ ಬೇಕಾಗಿತ್ತು.

ಒಂದು ಸುತ್ತು ಮುಗಿದು ದಂಡೆ ಹತ್ತಿರವಾಯಿತು.

"ಹೆಂಗೈತ್ರಿ ಅಕ್ಕಾರ?"

ನೀರು ಉಗುರುಬೆಚ್ಚಗಿತ್ತು. ಸುಮ್ಮನಿರಬೇಕಾದ ಬಿಸಿ.

"ಇನ್ನೂ ಸ್ವಲ್ಪ ಸುಡತೈತೋ ತಮ್ಮಾ. ಇನ್ನೊಂದು ಸುತ್ತು ನೋಡೂಣು" ಎಂದೆ.

ಮಲ್ಲಪ್ಪ ತಾನೂ ಧಾರೆಗೆ ಬೆರಳು ಹಿಡಿದು ನೋಡಿದ.

"ಹೌದ್ರಿ, ಸುಡತೈತಿ" ಎಂದು ದೋಣಿಯನ್ನು ತಿರುಗಿಸಿದ.