ಗುದ್ದಲಿ ಮುಟ್ಟದ ತೋಟಗಾರ್ತಿ

ಎಲ್ಸ್‌ಬರ್ನ್ ಊರಿನ ವಾರಪತ್ರಿಕೆ ‘ಮರ್ಕ್ಯುರಿ’ಗೆ ತೋಟದ ಅಂಕಣ ಬರೆಯುತ್ತಿದ್ದ ನಿವೃತ್ತ ಹೆಡ್‌ಮಾಸ್ತರರು ಆಗಸ್ಟ್ ತಿಂಗಳಲ್ಲಿ ತೀರಿಕೊಂಡಾಗ ಸಂಪಾದಕ ಕತ್ಬರ್ಟ್ ವಾರ್ಡಲ್ ಕಣ್ಣೀರಿಟ್ಟಿದ್ದು ನಿಜ. ಅದು ಹೆಡ್‌ಮಾಸ್ತರರಿಗಾಗಿಯೋ ಪತ್ರಿಕೆಗಾಗಿಯೋ ಎಂಬ ಬಗ್ಗೆ ಕಚೇರಿಯಲ್ಲಿ ಎರಡು ಅಭಿಪ್ರಾಯಗಳಿದ್ದವು. ಮುಂದಿನ ತಿಂಗಳೇ ಲೀಕ್ ಪ್ರದರ್ಶನ. ತೋಳುದಪ್ಪ ಬೆಳೆಯುವ ಈ ಈರುಳ್ಳಿ ಜಾತಿಯ ಗಿಡವೆಂದರೆ ಡರ್ಹಮ್ ಸೀಮೆಯ ಗಣಿ ಕೆಲಸದವರಿಗೆ ಹೆಂಡತಿ ಮಕ್ಕಳಾದ ಮೇಲೆ ಪ್ರಾಣ. ಕೆಲವರಿಗೆ ಅವರಿಗಿಂತ ಮೊದಲು. ‘ಹಳೇ ಗುದ್ದಲಿ’ ಎಂಬ ಹೆಸರಲ್ಲಿ ಬರುತ್ತಿದ್ದ ಆ ಅಂಕಣಕ್ಕಾಗಿಯೇ ಅರ್ಧ ಊರು ಪತ್ರಿಕೆ ಕೊಳ್ಳುತ್ತಿತ್ತು. ಬರೆಯುವವರು ಯಾರೆಂದು ಮಾತ್ರ ಕಚೇರಿಯ ಹೊರಗೆ ಯಾರಿಗೂ ಗೊತ್ತಿರಲಿಲ್ಲ.

‘‘ಹೆಡ್‌ಮಾಸ್ತರರು ಹೋದ್ರು, ಸರಿ. ಗುದ್ದಲಿ ಹೋಗೋ ಹಾಗಿಲ್ಲ’’ ಎಂದು ವಾರ್ಡಲ್ ಟೈಪಿಸ್ಟ್ ನೋರಾ ಹೆಸ್ಲಪ್‌ಳ ಮೇಜಿನ ಮುಂದೆ ಬಂದು ನಿಂತರು. ‘‘ನಿಮ್ಮಪ್ಪ ಲೀಕ್ ಬೆಳೀತಾರಲ್ವಾ? ನೀನೇ ಬರಿ.’’

‘‘ನಮ್ಮಪ್ಪ ಪೈಪೂ ಸೇದ್ತಾರೆ ಸಾರ್. ಹಾಗಂತ ಕೆಮ್ಮು ನನಗೆ ಬರುತ್ತಾ?’’

‘‘ಗುರುವಾರ ಬೆಳಿಗ್ಗೆ ಬೇಕು’’ ಎಂದು ಅವರು ಹೊರಟೇಹೋದರು.

ಅದು ಸಾವಿರದ ಒಂಬೈನೂರ ಐವತ್ತೊಂಬತ್ತು. ನೋರಾ ಇನ್ನೂ ಇಪ್ಪತ್ತೆರಡರ ಹುಡುಗಿ. ಅವಳಪ್ಪ ಜೋಸ್, ಊರಾಚೆ ಪುರಸಭೆಯವರು ಕೊಟ್ಟಿದ್ದ ತುಂಡು ತೋಟದಲ್ಲಿ ಲೀಕ್ ಬೆಳೆಯುತ್ತಿದ್ದದ್ದು ಹೌದು, ಆದರೆ ಹೆಂಗಸರು ಹತ್ತಿರ ಸುಳಿದರೆ ಗಿಡ ನಾಚಿಕೊಂಡು ಸೊರಗುತ್ತದೆ ಎಂದು ನಂಬಿದವನು. ಮಗಳನ್ನು ಬೇಲಿ ದಾಟಲು ಬಿಟ್ಟವನಲ್ಲ. ಹೀಗಾಗಿ ಅವಳಿಗೆ ಲೀಕ್ ಗೊತ್ತಿದ್ದದ್ದು ಸಾರಿನಲ್ಲಿ ಮಾತ್ರ. ಚೆನ್ನಾಗಿ ಗೊತ್ತಿದ್ದದ್ದು ಊರಿನ ಜನ. ಅವಳು ಅವರನ್ನೇ ಪಾತಿಯಲ್ಲಿ ನೆಟ್ಟಳು.

‘ಒಂದು ಜಾತಿಯ ಬಸವನಹುಳುವಿದೆ’ ಎಂದು ಮೊದಲ ವಾರ ಬರೆದಳು. ‘ಕೊರಳಲ್ಲಿ ಹೊಳೆಯುವ ಸರ. ಎಲ್ಲರಿಗಿಂತ ಮುಂದಿನ ಎಲೆಯ ಮೇಲೆ ಕೂರುತ್ತದೆ. ಪಕ್ಕದವನ ಪಾಲನ್ನೂ ತಿನ್ನುತ್ತದೆ. ಕದಲುವುದು ಅಪರೂಪ, ಕದಲಿದರೆ ಹಿಂದೆ ಜಿಡ್ಡು ಬಿಟ್ಟುಹೋಗುತ್ತದೆ.’

ಬ್ರೆಡ್ ತರಲು ಹೋಗುವಾಗಲೂ ಪದವಿಯ ಗುರುತಿನ ಸರ ಹಾಕಿಕೊಳ್ಳುತ್ತಿದ್ದ ಪುರಸಭೆ ಅಧ್ಯಕ್ಷ ಸೆಪ್ಟಿಮಸ್ ಪರ್ವಿಸ್‌ನ ಗುರುತು ಊರಿಗೆಲ್ಲ ಹತ್ತಿತು, ಪರ್ವಿಸ್ ಒಬ್ಬನನ್ನು ಬಿಟ್ಟು. ಅವನು ಅಂಕಣ ಕತ್ತರಿಸಿ ಗಣಿ ಕೆಲಸದವರ ಕ್ಲಬ್ಬಿನ ಗೋಡೆಗೆ ಅಂಟಿಸಿ, ‘‘ನೋಡ್ರಯ್ಯಾ, ಇಂಥಾ ಹುಳ ನನ್ನ ತೋಟದಲ್ಲೂ ಇದೆ. ಎಷ್ಟು ಸರಿಯಾಗಿ ಕಂಡಿದ್ದಾನೆ ಮಹಾನುಭಾವ’’ ಎಂದು ಎಲ್ಲರನ್ನೂ ಕರೆದು ಓದಿಸಿದ. ಜನ ಬಿಯರಿನ ಲೋಟದೊಳಗೆ ಮುಖ ಹುದುಗಿಸಿಕೊಂಡರು.

ಮನೆಯಲ್ಲಿ ಜೋಸ್ ಊಟದ ಮೇಜಿಗೇ ಪತ್ರಿಕೆ ತಂದ. ‘‘ಇದನ್ನ ಬರ್ದೋನು ಜನ್ಮದಲ್ಲಿ ಮಣ್ಣು ಮುಟ್ಟಿಲ್ಲ ಕಣೇ. ಆದ್ರೂ ಮುದುಕ ಓದಿಸ್ಕೊಂಡು ಹೋಗ್ತಾನೆ.’’

‘‘ಇನ್ನೊಂಚೂರು ಸಾಸಿವೆ ಹಾಕ್ಲಾ ಅಪ್ಪ?’’ ಎಂದಳು ನೋರಾ.

ವಸಂತದ ಹೊತ್ತಿಗೆ ಬರೆಯಲು ಸರಕು ಮುಗಿಯಿತು. ಒಂದು ವಾರ ಬಾಯಿಗೆ ಬಂದದ್ದನ್ನೇ ಬರೆದುಬಿಟ್ಟಳು: ಲೀಕ್ ಗಿಡದ ಬುಡಕ್ಕೆ ಶನಿವಾರದ ಸಂಜೆ ಕಪ್ಪು ಬಿಯರು ಹುಯ್ಯಬೇಕು, ಆದರೆ ಅದು ಮದ್ಯ ಮುಟ್ಟದ ದೈವಭಕ್ತ ಗಿಡವಾದ್ದರಿಂದ, ಹುಯ್ಯುವಾಗ ಅದರ ಗಮನ ಬೇರೆಡೆ ಸೆಳೆಯಲು ಮೆಲುದನಿಯಲ್ಲಿ ಚರ್ಚಿನ ಹಾಡು ಹಾಡುತ್ತಿರಬೇಕು.

ಪರ್ವಿಸ್ ಅದನ್ನು ಚಾಚೂ ತಪ್ಪದೆ ಮಾಡಿದ. ಬೇಲಿಯಾಚೆ ಜನ ಕೂತು ಕೇಳುತ್ತಿದ್ದರು. ಅವನದು ಕೋಣದ ಕಂಠ. ಶರತ್ಕಾಲ ಬಂತು, ಪ್ರದರ್ಶನ ನಡೆಯಿತು, ಪರ್ವಿಸ್‌ನ ಲೀಕಿಗೆ ಮೊದಲ ಬಹುಮಾನ ಬಂತು. ಬೆಳ್ಳಿಯ ಬಟ್ಟಲು ಎತ್ತಿ ಹಿಡಿದು, ಇದು ಹಳೇ ಗುದ್ದಲಿ ಗುರುಗಳ ಆಶೀರ್ವಾದ ಎಂದು ಅವನು ಭಾಷಣ ಮಾಡಿದಾಗ, ವರದಿಗೆಂದು ಮುಂದಿನ ಸಾಲಿನಲ್ಲಿ ಕೂತಿದ್ದ ನೋರಾ ಪೆನ್ಸಿಲು ಬೀಳಿಸಿ, ಅದನ್ನು ಹುಡುಕುವ ನೆಪದಲ್ಲಿ ಬೆಂಚಿನ ಕೆಳಗೇ ಬಹಳ ಹೊತ್ತು ಉಳಿದಳು.

ಆ ಚಳಿಗಾಲ ಪುರಸಭೆಯ ಒಂದು ಸಭೆಗೆ ಹೋದಾಗ ಮಾತ್ರ ಅವಳಿಗೆ ನಗು ಬರಲಿಲ್ಲ. ಎಲ್ಲರೂ ತೂಕಡಿಸುತ್ತಿದ್ದ ಕೊನೆಯ ಗಳಿಗೆಯಲ್ಲಿ ಪರ್ವಿಸ್ ಒಂದು ನಿರ್ಣಯವನ್ನು ಮೂಗಿನಲ್ಲೇ ಓದಿ ಮುಗಿಸಿದ. ಗಣಿಯವರ ತುಂಡು ತೋಟಗಳನ್ನು ತೆಗೆದು ಕಾರು ನಿಲ್ಲಿಸುವ ಜಾಗ ಮಾಡುವುದು, ಅಂತಿಮ ಒಪ್ಪಿಗೆ ಮುಂದಿನ ಸಭೆಯಲ್ಲಿ. ಪರ್ವಿಸ್‌ನ ತೋಟ ಅವನ ಮನೆಯ ಹಿತ್ತಲಲ್ಲೇ ಇತ್ತು, ಅವನಿಗೇನು.

ಆ ವಾರದ ಅಂಕಣ ಮೂರೇ ಸಾಲು. ‘ಗಣಿಯ ಗೆಳೆಯರು ಈ ಸಲ ಬೀಜ ಬಿತ್ತುವ ಶ್ರಮ ತೆಗೆದುಕೊಳ್ಳಬೇಡಿ. ನಿಮ್ಮ ಪಾತಿಗಳಲ್ಲಿ ಪುರಸಭೆಯೇ ಡಾಂಬರು ಬಿತ್ತಲಿದೆ. ಡಾಂಬರಿಗೆ ಗೊಬ್ಬರ ಬೇಡ.’

ಮಾರನೆಯ ದಿನ ಪರ್ವಿಸ್ ಸರ ಅಲ್ಲಾಡಿಸಿಕೊಂಡು ಕಚೇರಿಗೆ ನುಗ್ಗಿದ. ‘‘ಯಾರ್ರೀ ಅವನು? ಕರೀರಿ ಇಲ್ಲಿ. ಮುಖ ನೋಡ್ಬೇಕು ನಾನು.’’

ವಾರ್ಡಲ್ ಮುಖ ಸುಣ್ಣದಂತಾಯಿತು. ನೋರಾ ಟೈಪು ಮಾಡುವುದನ್ನು ನಿಲ್ಲಿಸಿದಳು. ‘‘ನೋಡಿ ಪರ್ವಿಸ್ ಅವರೇ. ಇಲ್ಲೇ ಕೂತಿದ್ದೀನಿ.’’

‘‘ನಾನು ಚಹಾ ಕೇಳ್ಲಿಲ್ಲಮ್ಮಾ. ಗುದ್ದಲಿ ಕೇಳ್ದೆ.’’

‘‘ಗುದ್ದಲಿ ನಾನೇ. ಹುಳ ನನ್ನದು, ಬಿಯರು ನನ್ನದು, ಹಾಡೂ ನನ್ನದೇ. ಲೀಕ್ ಮಾತ್ರ ನಿಮ್ಮದು.’’

ಪರ್ವಿಸ್ ವಾರ್ಡಲ್ ಕಡೆ ನೋಡಿದ. ವಾರ್ಡಲ್ ಕಿಟಕಿಯ ಕಡೆ ನೋಡಿದರು. ಹೊಳೆಯುವ ಸರದ ಬಸವನಹುಳು ಯಾರೆಂಬುದು ಪರ್ವಿಸ್‌ಗೆ ಹೊಳೆದದ್ದು ಆಗಲೇ; ಅವನ ಕೈ ತಾನಾಗಿ ಕೊರಳಿಗೆ ಹೋಯಿತು.

‘‘ಇದನ್ನ ಎಲ್ಲರಿಗೂ ಹೇಳ್ತೀನಿ’’ ಎಂದ.

‘‘ಹೇಳಿ. ಮುಂದಿನ ವಾರ ನಾವೇ ಅಚ್ಚು ಹಾಕ್ತೀವಿ. ಹುಡುಗಿ ಬರ್ದಿದ್ದು ಓದಿ ಅಧ್ಯಕ್ಷರು ಈರುಳ್ಳಿಗೆ ಲಾಲಿ ಹಾಡಿದ್ರು ಅಂತ. ಫೋಟೋ ಕೊಡ್ತೀರಾ?’’

ಅವನು ಬಾಗಿಲನ್ನು ಸದ್ದಾಗದಂತೆ ಮುಚ್ಚಿಕೊಂಡು ಹೋದ.

ಮುಂದಿನ ಸಭೆಗೆ ಗಣಿಯವರು ಬಂದರು. ಕೂಗಲಿಲ್ಲ, ಬೈಯಲಿಲ್ಲ. ಭಾನುವಾರದ ಕೋಟು ತೊಟ್ಟು, ತೊಡೆಯ ಮೇಲೆ ಒಂದೊಂದು ಲೀಕ್ ಇಟ್ಟುಕೊಂಡು ಪ್ರೇಕ್ಷಕರ ಸಾಲುಗಳಲ್ಲಿ ಸುಮ್ಮನೆ ಕೂತರು. ಒಲೆ ಉರಿಯುತ್ತಿದ್ದ ಮುಚ್ಚಿದ ಕೋಣೆ. ಸ್ವಲ್ಪ ಹೊತ್ತಿಗೆ ಲೀಕಿನ ಘಾಟಿಗೆ ಸದಸ್ಯರ ಕಣ್ಣಲ್ಲಿ ನೀರು ಬರತೊಡಗಿತು. ಜೋಸ್‌ನದು ಎಲ್ಲಕ್ಕಿಂತ ದಪ್ಪ ಲೀಕ್. ಅವನು ಅದನ್ನು ಕೂಸಿನಂತೆ ತಟ್ಟುತ್ತ ಪರ್ವಿಸ್‌ನನ್ನೇ ನೋಡುತ್ತಿದ್ದ. ನಿರ್ಣಯವನ್ನು ಮುಂದೂಡಲಾಯಿತು, ಮತ್ತೆ ಯಾರೂ ಅದರ ಸುದ್ದಿ ಎತ್ತಲಿಲ್ಲ.

ಗುದ್ದಲಿಯ ಗುಟ್ಟು ವಾರ್ಡಲ್ ಬಾಯಿಂದಲೇ ಹೊರಬಿತ್ತು. ಒಂದು ಮದುವೆಯಲ್ಲಿ ಕುಡಿದು, ಹೆಮ್ಮೆಯಿಂದ ಹೇಳಿಬಿಟ್ಟರು. ಜೋಸ್ ವಾರವಿಡೀ ಮಗಳೊಡನೆ ಮಾತಾಡಲಿಲ್ಲ. ಆಮೇಲೆ ಒಂದು ಭಾನುವಾರ ಬೇಲಿಯ ಬಾಗಿಲು ತೆರೆದು ಹಿಡಿದು, ‘‘ಬಾ, ಆದ್ರೆ ಏನನ್ನೂ ಮುಟ್ಬೇಡ’’ ಎಂದ.

ಹೆಸರು ಲಂಡನ್ನಿನವರೆಗೂ ಹೋಯಿತು. ಅಲ್ಲಿನ ದೊಡ್ಡ ದಿನಪತ್ರಿಕೆಯೊಂದು ಕರೆಸಿಕೊಂಡು ಅಂಕಣ ಕೊಟ್ಟಿತು. ನೋರಾ ಮಂತ್ರಿಗಳನ್ನು ಕುಟುಕಿ ಬರೆದಳು. ಮಂತ್ರಿಗಳು ಓದಲಿಲ್ಲ, ಓದಿದವರಿಗೆ ಅವಳ ಪರಿಚಯವಿರಲಿಲ್ಲ. ಬಸ್ಸಿನಲ್ಲಿ ತಡೆದು ನಿಲ್ಲಿಸಿ ‘‘ನನ್ನ ಬಗ್ಗೇನೇ ತಾನೇ ಬರ್ದಿದ್ದು?’’ ಎಂದು ಜಗಳ ತೆಗೆಯುವವರೇ ಇಲ್ಲದ ಊರಲ್ಲಿ ಅವಳಿಗೆ ಊಟ ಸೇರಲಿಲ್ಲ. ವರ್ಷ ತುಂಬುವ ಮೊದಲೇ ಪೆಟ್ಟಿಗೆ ಹಿಡಿದು ವಾಪಸು ಬಂದಳು. ವಾರ್ಡಲ್ ನಿವೃತ್ತರಾದಾಗ ಅವರ ಕುರ್ಚಿ ಅವಳದಾಯಿತು. ಮುದ್ರಣದ ಮೇಸ್ತ್ರಿಗಳು ಹೆಂಗಸಿನ ಕೈಕೆಳಗೆ ದುಡಿಯುವುದಿಲ್ಲ ಎಂದು ಗೊಣಗಿದರು. ಅವಳು ಅದನ್ನು ಅವರ ಕೈಯಲ್ಲೇ ಮೊದಲ ಪುಟದ ಸುದ್ದಿಯಾಗಿ ಅಚ್ಚು ಹಾಕಿಸಿದಳು. ಮನೆಗೆ ಹೋದಾಗ ಹೆಂಡತಿಯರು ಬಾಗಿಲು ತೆರೆಯಲು ತಡಮಾಡಿದರಂತೆ. ಗೊಣಗಾಟ ನಿಂತಿತು.

ಕೆಲವು ವರ್ಷಗಳಾದ ಮೇಲೆ ಚುನಾವಣೆಯಲ್ಲಿ ಸೋತ ಪರ್ವಿಸ್ ಕಚೇರಿಗೆ ಬಂದ. ಕೊರಳು ಬರಿದಾಗಿತ್ತು. ‘‘ಹೊಸಾ ಅಧ್ಯಕ್ಷನಿಗೆ ಮೂಲಂಗಿಗೂ ಬೀಟ್‌ರೂಟಿಗೂ ವ್ಯತ್ಯಾಸ ಗೊತ್ತಿಲ್ಲ. ಯಾರಾದ್ರೂ ಬರೀಬೇಕಮ್ಮಾ’’ ಎಂದ.

‘‘ಕೂತ್ಕೊಳ್ಳಿ’’ ಎಂದು ನೋರಾ ಕಾಗದ ಮುಂದಿಟ್ಟಳು.

ಅವನು ಸಾಯುವವರೆಗೂ ‘ಹಳೇ ಗುದ್ದಲಿ’ ಬರೆದ. ಸೊಗಸಾಗಿಯೇ ಬರೆಯುತ್ತಿದ್ದ, ಆದರೆ ಉದ್ದ. ಪ್ರತಿ ಗುರುವಾರ ನೋರಾ ಅರ್ಧ ಹೊಡೆದುಹಾಕುತ್ತಿದ್ದಳು. ಪ್ರತಿ ಶುಕ್ರವಾರ ಅವನು ಬಂದು ಅವಳ ಮೇಜಿನ ಮುಂದೆ ಕೂಗಾಡುತ್ತಿದ್ದ. ಅವಳು ಕೇಳಿಸಿಕೊಳ್ಳುತ್ತ ಅವನಿಗೊಂದು ಲೋಟ ಚಹಾ ಬಗ್ಗಿಸಿಕೊಡುತ್ತಿದ್ದಳು, ಸಕ್ಕರೆ ಜಾಸ್ತಿ ಹಾಕಿ.